ಮನೆಯಲ್ಲಿ ಬೆಳೆದ ಗಿಳಿ ಮತ್ತು ವನ್ಯಜೀವಿ ಕಾನೂನು

ಪ್ರಶ್ನೆ: ಎರಡು ವರ್ಷಗಳ ಹಿಂದೆ ಮಳೆಗಾಳಿಗೆ ಮರದ ಪೊಟರೆಯಿಂದ ಬಿದ್ದ ಗಿಳಿಮರಿಯೊಂದನ್ನು ನಮ್ಮ ಅತ್ತೆಯವರು ಸಾಕಿದರು. ಈಗ ಅದು ಮನೆಮಂದಿಯನ್ನೆಲ್ಲ ಹೆಸರು ಹಿಡಿದು ಕರೆಯುತ್ತದೆ. ಗಿಳಿ ಸಾಕುವುದು ಅಪರಾಧವೆಂದು ಪರಿಚಿತರೊಬ್ಬರು ಹೇಳುತ್ತಾರೆ. ಆದರೆ ಪಕ್ಕದ ಮನೆಯವರು ಅಂಗಡಿಯಿಂದ ತಂದ ಬಣ್ಣದ ಗಿಳಿಗಳನ್ನು ಸಾಕಿದ್ದಾರೆ. ನಮ್ಮದನ್ನು ಹಾರಿಬಿಟ್ಟರೆ ಸಾಕೇ?
– ಓದುಗರು, ಹಾಸನ ಜಿಲ್ಲೆ

ಉತ್ತರ: ನಿಮ್ಮ ಪರಿಚಿತರು ಹೇಳಿದ್ದು ನಿಜ. ಕೆಂಪು ಕೊಕ್ಕಿನ ನಮ್ಮ ಹಸಿರು ಗಿಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದೆ, ಅಂದರೆ ಸಂರಕ್ಷಿತ ಜೀವಿಗಳ ಪಟ್ಟಿಯಲ್ಲಿದೆ. ಕಾನೂನಿಗೆ ವಿರುದ್ಧವಾಗಿ ಹಿಡಿದ ಅಥವಾ ಇಟ್ಟುಕೊಂಡ ವನ್ಯಪ್ರಾಣಿ ಕಾಯ್ದೆಯ 39ನೆಯ ಕಲಮಿನ ಪ್ರಕಾರ ಸರ್ಕಾರದ ಸ್ವತ್ತಾಗಿದ್ದು, ಅಂಥದ್ದು ಕೈಗೆ ಸಿಕ್ಕವರು 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಿ, ಕೇಳಿದಾಗ ಒಪ್ಪಿಸಬೇಕು. ಉಲ್ಲಂಘನೆಗೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಗಿಳಿ ಸಾಕುವುದು ನಮ್ಮಲ್ಲಿ ತಲೆಮಾರುಗಳ ರೂಢಿಯಾದ್ದರಿಂದ ಇದನ್ನು ಅನೇಕರು ನಂಬುವುದೇ ಇಲ್ಲ. ನಿಮ್ಮ ಅತ್ತೆಯವರು ಆ ಮರಿಯ ಜೀವ ಉಳಿಸಿದ್ದಾರೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಚೇತರಿಸಿದ ಮೇಲೂ ಇಟ್ಟುಕೊಳ್ಳುವ ಹಕ್ಕು ಅದರಿಂದ ಹುಟ್ಟುವುದಿಲ್ಲ.

ನೆರೆಯವರ ಹಕ್ಕಿಗಳು ಬಡ್ಜಿ ಅಥವಾ ಕಾಕಟೀಲ್ ಆಗಿದ್ದರೆ ಅವು ಆಸ್ಟ್ರೇಲಿಯ ಮೂಲದವು. ಈ ನಿಷೇಧ ಅವಕ್ಕಿಲ್ಲ. ಆಫ್ರಿಕದ ಬೂದು ಗಿಳಿಯಂಥ, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಮಾತ್ರ 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

ದಯವಿಟ್ಟು ಗಿಳಿಯನ್ನು ನೀವಾಗಿಯೇ ಹಾರಿಬಿಡಬೇಡಿ. ಬಟ್ಟಲಲ್ಲಿಟ್ಟ ನೆನೆಗಡಲೆ, ಪೇರಲೆ ಹೋಳು ತಿಂದು ಬೆಳೆದ ಹಕ್ಕಿಗೆ ಆಹಾರ ಹುಡುಕಿ ಗೊತ್ತಿಲ್ಲ, ಗಿಡುಗನ ನೆರಳು ಕಂಡರೆ ಅಡಗಬೇಕೆಂಬುದನ್ನು ಕಲಿಸಲು ಗುಂಪೂ ಇರಲಿಲ್ಲ. ರೆಕ್ಕೆಯ ಗರಿ ಕತ್ತರಿಸಿದ್ದರಂತೂ ಅವು ಉದುರಿ ಹೊಸದು ಬರುವವರೆಗೆ ಎತ್ತರಕ್ಕೆ ಹಾರಲಾರದು. ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿ, ಇಲ್ಲವೇ ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ಸಿಕ್ಕಿದ ಬಗೆಯನ್ನು ಬರೆದುಕೊಡಿ. ತಡವಾಗಿರುವುದು ಲೋಪವೇ ಆದ್ದರಿಂದ ಮೊದಲು ವಕೀಲರೊಬ್ಬರನ್ನು ಕೇಳುವುದೂ ಒಳ್ಳೆಯದು, ಆದರೆ ಆ ನೆಪದಲ್ಲಿ ಇನ್ನಷ್ಟು ದಿನ ದೂಡಬೇಡಿ. ಗಾಳಿಯಾಡುವ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ, ತಳಕ್ಕೆ ಬಟ್ಟೆ ಹಾಸಿ ಕೊಂಡೊಯ್ಯಿರಿ. ಅದು ಏನು ತಿನ್ನುತ್ತದೆಂಬುದನ್ನು ತಿಳಿಸಿ, ಒಪ್ಪಿಸಿದ್ದಕ್ಕೆ ದಿನಾಂಕವಿರುವ ಸ್ವೀಕೃತಿ ಪತ್ರ ಪಡೆಯಿರಿ.