'ಅಕಿನ್' ಅಂದ್ರೆ ಬರೀ 'ಸಿಮಿಲರ್' ಅಲ್ಲ

ಇಂಗ್ಲಿಷಿನ 'ಅಕಿನ್' (akin) ಮತ್ತು 'ಸಿಮಿಲರ್' (similar) ಎರಡೂ ಒಂದೇನಾ, 'ಅಕಿನ್ ಐಡಿಯಾಸ್' ಅಂತ ಬರೆಯಬಹುದಾ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಹೇಳುತ್ತೇನೆ: ಹಾಗೆ ಬರೆಯಬೇಡಿ. 'ಅಕಿನ್' ನಾಮಪದಕ್ಕಿಂತ ಮೊದಲು ಕೂರುವುದಿಲ್ಲ. 'ದಿಸ್ ಐಡಿಯಾ ಈಸ್ ಅಕಿನ್ ಟು ದಟ್' ಎನ್ನಬೇಕು. ಅದರ ಜೊತೆಗೆ ಬರುವುದು ಸಾಮಾನ್ಯವಾಗಿ 'ಟು', 'ವಿತ್' ಅಲ್ಲ. ನಮ್ಮ 'ಭಯಕ್ಕೆ ಹತ್ತಿರದ ಭಾವನೆ' ಅನ್ನೋದರಲ್ಲಿ 'ಕ್ಕೆ' ಇದೆಯಲ್ಲ, ಆ ಕೆಲಸವೇ ಇಲ್ಲಿ 'ಟು'ಗೆ.

ಇನ್ನು ಅರ್ಥ. 'ಕಿನ್' ಎಂದರೆ ನಂಟರು, ರಕ್ತಸಂಬಂಧಿಗಳು. ಆಸ್ಪತ್ರೆಯ ಫಾರಂಗಳಲ್ಲಿ 'ನೆಕ್ಸ್ಟ್ ಆಫ್ ಕಿನ್' ನೋಡಿರುತ್ತೀರಿ, ಅದೇ. 'ಆಫ್ ಕಿನ್' ಸವೆದು 'ಅಕಿನ್' ಆಯಿತು. ಹಾಗಾಗಿ ಇದು ಹೊರಗಿನ ಹೋಲಿಕೆಗಿಂತ ಒಳಗಿನ ನಂಟನ್ನು ಜಾಸ್ತಿ ಹೇಳುತ್ತದೆ. ಎರಡು ನೀಲಿ ಪೆನ್ನುಗಳು ಸುಮ್ನೆ 'ಸಿಮಿಲರ್'. ಅಲ್ಲಿ 'ಅಕಿನ್' ಹಾಕಿದರೆ ಪೆನ್ನಿಗೆ ಪೇಟ ಕಟ್ಟಿದ ಹಾಗೆ! ಆದರೆ 'ತುಳು ಈಸ್ ಅಕಿನ್ ಟು ಕನ್ನಡ' ಎಂದರೆ ಸರಿಯಾಗಿ ಕೂರುತ್ತದೆ, ಎರಡೂ ದ್ರಾವಿಡ ಕುಟುಂಬದವೇ ಅಲ್ವಾ. ಭಾವನೆ, ವಿಚಾರ, ಅನುಭವಗಳಿಗೂ ಚೆನ್ನಾಗಿ ಒಪ್ಪುತ್ತದೆ. ಮಾತಿನಲ್ಲಿ ಕಡಿಮೆ, ಬರವಣಿಗೆಯಲ್ಲೇ ಹೆಚ್ಚು. ದಿನನಿತ್ಯದ ಈಮೇಲ್‌ಗೆ ನಾನಾದರೆ 'ಸಿಮಿಲರ್' ಅಂತಲೇ ಬರೆಯುತ್ತೇನೆ.

ನಾಮಪದಕ್ಕಿಂತ ಮೊದಲೇ ಬೇಕಿದ್ದರೆ 'ಕಿಂಡ್ರೆಡ್' (kindred) ಇದೆ: 'ಕಿಂಡ್ರೆಡ್ ಸ್ಪಿರಿಟ್ಸ್', ಅಂದ್ರೆ ಒಂದೇ ಮನೋಭಾವದವರು.

ಅಂದಹಾಗೆ, ಈ 'ಕಿನ್' ಮತ್ತು ಸಂಸ್ಕೃತದಿಂದ ನಮಗೆ ಬಂದ 'ಜನ' ಎರಡಕ್ಕೂ ಬೇರು ಒಂದೇ. ಹುಟ್ಟು ಎಂಬರ್ಥದ ಹಳೆಯ ಇಂಡೋ-ಯುರೋಪಿಯನ್ ಧಾತು ಅದು. ನಂಟರು ಎನ್ನುವ ಪದಕ್ಕೇ ಇಷ್ಟು ದೂರದ ನಂಟ!