ಖಾರದ ಪುಡಿಯ ಬಣ್ಣ ಮತ್ತು ಎಡಿಟಿಂಗ್ ಮೇಜು: ಒಂದು ಆಪ್ತಸಲಹೆ ಪ್ರಕರಣ

ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಖಾರದ ಪುಡಿ ಮತ್ತು ಮಸಾಲಿ ಖಾರ ತಯಾರಿಸಿ ಮಾರುವ ತಾಯಿಯೊಬ್ಬರು ಮತ್ತು ಅದೇ ಕೆಲಸದಲ್ಲಿ ಅವರ ಜೊತೆಗಿರುವ ಮಗ, ಪ್ರಚಾರದ ವಿಡಿಯೊಗಳಿಂದ ತಮ್ಮಿಬ್ಬರ ನಡುವೆ ಹುಟ್ಟಿಕೊಂಡ ಮನಸ್ತಾಪವನ್ನು ಬಗೆಹರಿಸಿಕೊಳ್ಳಲು ಹುಬ್ಬಳ್ಳಿಯಲ್ಲಿ ನನ್ನನ್ನು ಭೇಟಿಯಾದರು. ಮನೆಮಂದಿಯೇ ಸೇರಿ ನಡೆಸುವ ಸಣ್ಣ ಉದ್ಯಮಗಳಿಗೆ ಸಲಹೆ ನೀಡುವುದು ನನ್ನ ಕೆಲಸ. ಅದಕ್ಕೂ ಮೊದಲು ಕೆಲವು ವರ್ಷ ವಿಡಿಯೊ ಸಂಕಲನವನ್ನೇ ವೃತ್ತಿಯಾಗಿ ಮಾಡಿದ್ದರಿಂದ, ಈ ಪ್ರಕರಣದಲ್ಲಿ ಮನೆಯ ಮಾತು ಮತ್ತು ಎಡಿಟಿಂಗ್ ಮೇಜಿನ ಮಾತು ಎರಡನ್ನೂ ಒಟ್ಟಿಗೇ ಆಡಬೇಕಾಯಿತು. ಇಬ್ಬರ ಒಪ್ಪಿಗೆ ಪಡೆದು, ಗುರುತು ಹತ್ತುವಂತಹ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ತಾಯಿಗೆ ಐವತ್ತು ದಾಟಿದೆ. ಪತಿ ತೀರಿಕೊಂಡ ಮೇಲೆ ಈ ಉದ್ಯೋಗವನ್ನು ಒಬ್ಬರೇ ನಿಂತು ಕಟ್ಟಿದವರು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿಯ ಆವಕ ಜೋರಾಗಿರುವ ತಿಂಗಳುಗಳಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆಗಳಾದ ಡಬ್ಬಿ ಮತ್ತು ಕಡ್ಡಿ ತಳಿಯ ಕಾಯಿಯನ್ನು ತಾವೇ ಕೈಯಲ್ಲಿ ಹಿಡಿದು, ಮುರಿದು, ಮೂಸಿ ನೋಡಿ ಕೊಳ್ಳುತ್ತಾರೆ. ಓಣಿಯ ಹೆಣ್ಣುಮಕ್ಕಳು ಕುಳಿತು ತೊಟ್ಟು ಬಿಡಿಸುತ್ತಾರೆ. ಬಿಸಿಲಿಗೆ ಹರವಿ, ಕುಟ್ಟುವ ಯಂತ್ರಕ್ಕೆ ಹಾಕಿ, ಹುಬ್ಬಳ್ಳಿ–ಧಾರವಾಡದ ಕೆಲವು ಅಂಗಡಿಗಳಿಗೂ ಮನೆಗಳಿಗೂ ಕಳಿಸುತ್ತಾರೆ. ಮಗ ಬೆಂಗಳೂರಿನಲ್ಲಿ ಎಡಿಟಿಂಗ್ ಕಲಿತು, ಅಲ್ಲಿಯೇ ಕೆಲಕಾಲ ದುಡಿದು ಊರಿಗೆ ಮರಳಿದ್ದಾನೆ. ಪೊಟ್ಟಣಕ್ಕೆ ಒಂದು ಹೆಸರು ಮತ್ತು ಲೇಬಲ್ ಮಾಡಿಸಿದವನೂ ಪ್ರಚಾರದ ಕಿರು ವಿಡಿಯೊಗಳನ್ನು ಆರಂಭಿಸಿದವನೂ ಅವನೇ. ಅವುಗಳನ್ನು ಸಾಕಷ್ಟು ಜನ ನೋಡಿದರು. ಆದರೆ ಬಂದ ಕರೆಗಳಲ್ಲಿ ಬೆಲೆ ಕೇಳುವವರಿಗಿಂತ ಬಣ್ಣದ ಬಗ್ಗೆ ಅನುಮಾನ ಪಡುವವರೇ ಹೆಚ್ಚಾದರು. ಅನೇಕ ವರ್ಷಗಳಿಂದ ಸರಕು ಕೊಳ್ಳುತ್ತಿದ್ದ ಅಂಗಡಿಕಾರರೊಬ್ಬರು "ಬಣ್ಣ ಕಲಸಾಕ ಯಾವಾಗಿಂದ ಚಾಲೂ ಮಾಡೀರಿ?" ಎಂದು ಕೇಳಿ ಮುಂದಿನ ಸರಕನ್ನು ತಡೆಹಿಡಿದರು. ಮನೆಯಲ್ಲಿ ಮಾತು ನಿಂತದ್ದು ಆ ದಿನದಿಂದ.

ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ತಾಯಿಯ ನೋವು ಬಣ್ಣಕ್ಕಷ್ಟೇ ಸಂಬಂಧಿಸಿರಲಿಲ್ಲ. "ನನ್ನ ಕೈ ತೋರಿಸ್ಯಾನ್ರೀ, ಮಾರಿ ತೋರಿಸಿಲ್ಲ. ನನ್ನ ಮಾತು ತಗದು ಬ್ಯಾರೆ ಯಾರದೋ ದನಿ ಹಾಕ್ಯಾನ. ನಾ ಮಾತಾಡಿದ್ರ ಖಾರ ಮಾರಾಟ ಆಗಂಗಿಲ್ಲೇನು?" ಎಂದರು. ಮಗ ತನ್ನನ್ನೂ ತನ್ನ ಭಾಷೆಯನ್ನೂ ಕೀಳಾಗಿ ಕಾಣುತ್ತಾನೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಮಗ ಹೇಳಿದ್ದೇ ಬೇರೆ. ಮೊದಲ ಎರಡು ಮೂರು ಸೆಕೆಂಡಿನಲ್ಲಿ ನೋಡುಗನನ್ನು ಹಿಡಿಯದಿದ್ದರೆ ಅವನ ಬೆರಳು ಮುಂದಿನ ವಿಡಿಯೊಗೆ ಸರಿಯುತ್ತದೆ ಎಂಬ ಅಂಜಿಕೆ ಅವನದು. ಕ್ಯಾಮೆರಾ ಮುಂದೆ ತಡವರಿಸುವ ತಾಯಿಯನ್ನು ನೋಡಿ ಗೊತ್ತಿಲ್ಲದ ಜನ ಕೆಟ್ಟ ಮಾತು ಬರೆದಾರು ಎಂಬುದು ಅದಕ್ಕಿಂತ ದೊಡ್ಡ ಅಂಜಿಕೆ. ಈ ಎರಡನೆಯ ಮಾತನ್ನು ಆತ ಅವ್ವನಿಗೆ ಒಮ್ಮೆಯೂ ಹೇಳಿರಲಿಲ್ಲ. ತಂತ್ರದ ಚರ್ಚೆಗೆ ಇಳಿಯುವ ಮೊದಲು ಅದನ್ನು ಅವರ ಎದುರಿಗೇ ಹೇಳಿಸಿದೆ. ತಾಯಿ ಬಹಳ ಹೊತ್ತು ಸುಮ್ಮನಿದ್ದರು; ಆಮೇಲೆ "ಮೊದಲ ಹೇಳಬಾರದೇನೋ ತಮ್ಮಾ" ಎಂದರು. ಅಲ್ಲಿಂದ ಮುಂದಿನ ಕೆಲಸ ಸುಗಮವಾಯಿತು.

ನಂತರ ಒಂದು ವಿಡಿಯೊವನ್ನು ಮೂವರೂ ಕೂಡಿ ನೋಡಿದೆವು: ಒಮ್ಮೆ ದನಿಯಿಲ್ಲದೆ ಚಿತ್ರ ಮಾತ್ರ, ಇನ್ನೊಮ್ಮೆ ಚಿತ್ರವಿಲ್ಲದೆ ದನಿ ಮಾತ್ರ. ಸಂಕಲನದ ಗುಣದೋಷ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ. ಪರದೆಯ ಪಕ್ಕದಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ, ಅವರದೇ ಖಾರದ ಪುಡಿಯನ್ನು ಬಟ್ಟಲಿನಲ್ಲಿ ಇಟ್ಟಿದ್ದೆ. ಬಟ್ಟಲಿನದು ಕೊಂಚ ಕಂದು ಬೆರೆತ ಗಾಢ ಕೆಂಪು. ಪರದೆಯ ಮೇಲಿನದು ಗುಲಾಬಿಗೆ ತಿರುಗಿದ, ಹೊಳೆಯುವ ಕೆಂಪು. ಅಂಗಡಿಕಾರರ ಅನುಮಾನಕ್ಕೆ ಕಾರಣ ಮೇಜಿನ ಮೇಲೆಯೇ ಇತ್ತು.

ಇದು ಹೇಗಾಯಿತು ಎಂಬುದನ್ನು ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಆಹಾರ ಪದಾರ್ಥ ಮಾರುವ ಬಹಳಷ್ಟು ಸಣ್ಣ ಉದ್ಯಮಗಳ ವಿಡಿಯೊಗಳು ಇಲ್ಲಿಯೇ ಎಡವುತ್ತವೆ. ಚಿತ್ರೀಕರಣ ನಡೆದ ಶೆಡ್ಡಿನಲ್ಲಿ ಬಾಗಿಲಿನಿಂದ ಹಗಲಿನ ಬೆಳಕು, ಮೇಲಿನಿಂದ ಟ್ಯೂಬ್‌ಲೈಟಿನ ಬೆಳಕು ಎರಡೂ ಬೀಳುತ್ತಿದ್ದವು. ಬೆಳಕು ಯಾವುದಾದರೂ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಫೋನಿನ ಹೊಂದಾಣಿಕೆ, ಅಂದರೆ ವೈಟ್ ಬ್ಯಾಲೆನ್ಸ್, ತಾನಾಗಿಯೇ ಬದಲಾಗುವಂತೆ ಬಿಟ್ಟಿದ್ದರಿಂದ ಒಂದು ಶಾಟ್ ನೀಲಿಗೆ, ಇನ್ನೊಂದು ಹಳದಿಗೆ ವಾಲಿತ್ತು. ಶಾಟುಗಳನ್ನು ಒಂದಕ್ಕೊಂದು ಹೊಂದಿಸಿಕೊಳ್ಳುವ ಕಲರ್ ಕರೆಕ್ಷನ್ ಮೊದಲು ಆಗಬೇಕು, ಮೆರುಗು ಕೊಡುವ ಗ್ರೇಡಿಂಗ್ ಆಮೇಲೆ. ಆತ ಮೊದಲನೆಯದನ್ನು ಬಿಟ್ಟು, ಸಿದ್ಧವಾಗಿ ಸಿಗುವ ಒಂದು ಫಿಲ್ಟರನ್ನು ಎಲ್ಲದರ ಮೇಲೂ ಹೊದಿಸಿ ಸ್ಯಾಚುರೇಶನ್, ಅಂದರೆ ಬಣ್ಣದ ದಟ್ಟತೆ, ಏರಿಸಿದ್ದ. ಕೆಂಪು ತನ್ನ ಮಿತಿಯನ್ನು ಮುಟ್ಟಿದ ಕೂಡಲೇ ಆ ಭಾಗದಲ್ಲಿ ನೆರಳು ಬೆಳಕಿನ ವ್ಯತ್ಯಾಸ ಅಳಿದುಹೋಗುತ್ತದೆ. ಸಾಲದ್ದಕ್ಕೆ, ಸಾಮಾನ್ಯ ವಿಡಿಯೊ ಫೈಲುಗಳು ಬೆಳಕಿನ ವಿವರಕ್ಕಿಂತ ಬಣ್ಣದ ವಿವರವನ್ನು ಕಡಿಮೆ ಪ್ರಮಾಣದಲ್ಲಿ ಉಳಿಸಿಕೊಳ್ಳುವುದರಿಂದ, ದಟ್ಟ ಕೆಂಪಿನ ಅಂಚುಗಳು ಕಲಸಿದಂತೆ ಕಾಣುತ್ತವೆ. ಬ್ಯಾಡಗಿ ಮೆಣಸಿನಕಾಯಿಯನ್ನು ಬಲ್ಲವರು ಗುರುತಿಸುವುದು ಅದರ ಸುಕ್ಕಿನಿಂದ. ಕಡಿಮೆ ಖಾರ, ಗಾಢ ಬಣ್ಣ, ಮೈತುಂಬ ಸುಕ್ಕು ಎಂಬ ಅದರ ಲಕ್ಷಣಗಳಲ್ಲಿ ಕಣ್ಣಿಗೆ ಕಾಣುವ ಮುಖ್ಯ ಸಾಕ್ಷಿಯನ್ನೇ ಆ ಫಿಲ್ಟರ್ ಒರೆಸಿಹಾಕಿತ್ತು.

ಕೊಟ್ಟ ಸಲಹೆ ಹೀಗಿತ್ತು. ಒಂದೇ ಬಗೆಯ ಬೆಳಕಿನಲ್ಲಿ ಚಿತ್ರಿಸಬೇಕು. ಹಗಲಿನ ಬೆಳಕು ಸಾಕಾಗುವುದಾದರೆ ಟ್ಯೂಬ್‌ಲೈಟ್ ಆರಿಸಬೇಕು. ಬಿಳಿ ಅಥವಾ ಬೂದು ಹಾಳೆಯೊಂದನ್ನು ಅದೇ ಬೆಳಕಿನಲ್ಲಿ ಹಿಡಿದು ವೈಟ್ ಬ್ಯಾಲೆನ್ಸನ್ನು ನಿಶ್ಚಿತಗೊಳಿಸಬೇಕು. ದೀಪ ಹಾಕಲೇಬೇಕಾದರೆ, ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ ಕಾರಣ, ಸೆಕೆಂಡಿಗೆ 25 ಫ್ರೇಮ್ ಮತ್ತು ಪ್ರತಿ ಫ್ರೇಮಿಗೆ ಸೆಕೆಂಡಿನ 1/50ರಷ್ಟು ಹೊತ್ತು ಬೆಳಕು ಬಿಡುವ ಶಟರ್ ವೇಗ ಇಟ್ಟುಕೊಂಡರೆ ಚಿತ್ರ ಮಿನುಗುವ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಎಡಿಟಿಂಗ್ ಮಾಡುವಾಗ ಪುಡಿಯ ಬಟ್ಟಲು ಮಾನಿಟರಿನ ಪಕ್ಕದಲ್ಲಿಯೇ ಇರಬೇಕು, ಮತ್ತು ಬಣ್ಣವನ್ನು ಅಂತಿಮಗೊಳಿಸುವ ಮೊದಲು ಕಡಿಮೆ ಬೆಲೆಯ ಫೋನಿನಲ್ಲಿಯೂ ನೋಡಬೇಕು. ಗಿರಾಕಿಗಳು ನೋಡುವುದು ಅದರಲ್ಲಿಯೇ. ಬಣ್ಣ ಸರಿಯಾಗಿದೆ ಎಂದು ಕೊನೆಗೆ ಹೇಳುವ ಅಧಿಕಾರವನ್ನು ತಾಯಿಗೆ ಕೊಡಬೇಕೆಂದೂ ಸೂಚಿಸಿದೆ, ಯಾವ ಮಾಪಕಕ್ಕಿಂತಲೂ ಅವರ ಕಣ್ಣು ಈ ಕೆಂಪನ್ನು ಚೆನ್ನಾಗಿ ಬಲ್ಲದು.

ಅನುಮಾನವನ್ನು ಎದುರಿಸಲು ಮಗ ಒಂದು ಒಳ್ಳೆಯ ಪ್ರಯತ್ನವನ್ನೂ ಮಾಡಿದ್ದ. ಗಾಜಿನ ಲೋಟದ ನೀರಿನ ಮೇಲೆ ಖಾರದ ಪುಡಿ ಉದುರಿಸುವ ಪರೀಕ್ಷೆ ಅದು. ನೀರಿನಲ್ಲಿ ಕರಗುವ ಕೃತಕ ಬಣ್ಣ ಬೆರೆತಿದ್ದರೆ ಬಣ್ಣದ ಎಳೆಗಳು ಕೂಡಲೇ ಕೆಳಗಿಳಿಯುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರವೂ ಮನೆಯಲ್ಲಿ ಮಾಡಿ ನೋಡಬಹುದೆಂದು ತಿಳಿಸಿರುವ ವಿಧಾನವಿದು. ಆದರೆ ಆತ ಅದನ್ನು ತುಂಡು ತುಂಡು ಮಾಡಿ, ನಡುವೆ ಜೂಮ್, ವೇಗದ ಏರಿಳಿತ, ಸುಯ್ಯೆನ್ನುವ ಸದ್ದು ಸೇರಿಸಿದ್ದ. ಸಂಶಯದಿಂದ ನೋಡುವವರಿಗೆ ಅಂತಹ ಒಂದೊಂದು ಕಟ್ ಕೂಡ ಲೋಟ ಬದಲಾಗಿರಬಹುದಾದ ಜಾಗವಾಗಿ ಕಾಣುತ್ತದೆ. ಘಟನೆಯ ಸತ್ಯವು ಎರಡು ವಸ್ತುಗಳು ಒಂದೇ ಚೌಕಟ್ಟಿನಲ್ಲಿ, ಒಂದೇ ವೇಳೆಯಲ್ಲಿ ಇರುವುದನ್ನು ಅವಲಂಬಿಸಿರುವಾಗ ಅಲ್ಲಿ ಕತ್ತರಿಸಬಾರದು ಎಂದು ಫ್ರಾನ್ಸಿನ ಚಲನಚಿತ್ರ ವಿಮರ್ಶಕ ಆಂದ್ರೆ ಬಾಜಿನ್ ವಾದಿಸಿದ್ದರು. ಜಾಹೀರಾತಿಗೆ ಈ ಮಾತು ಸಿನಿಮಾಕ್ಕಿಂತಲೂ ಹೆಚ್ಚು ಅನ್ವಯಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ತಾಯಿ ಮುಚ್ಚಿದ ಪೊಟ್ಟಣವನ್ನು ಕತ್ತರಿಸುವಲ್ಲಿಂದ ಪುಡಿ ನೀರಿಗೆ ಬಿದ್ದು ನಿಲ್ಲುವವರೆಗೆ ಒಂದೇ ಶಾಟ್ ಇರಲಿ, ವೇಗ ಬದಲಾಗದಿರಲಿ, ಸ್ಥಳದ ಸದ್ದೇ ಇರಲಿ ಎಂದೆ.

"ಅಷ್ಟು ಹೊತ್ತು ಯಾರು ನೋಡ್ತಾರ್ರೀ ಸರ?" ಎಂಬುದು ಮಗನ ಪ್ರಶ್ನೆಯಾಗಿತ್ತು. ನೋಡುಗನ ಮನಸ್ಸಿನಲ್ಲಿ ಪ್ರಶ್ನೆಯೊಂದು ಮೊದಲೇ ಎದ್ದಿದ್ದರೆ ಅವನು ಕಾಯುತ್ತಾನೆ. ಆದ್ದರಿಂದ ಆ ಶಾಟಿಗಿಂತ ಮುಂಚೆ "ಇದರಾಗ ಬಣ್ಣ ಐತೇನು?" ಎಂದು ಗಿರಾಕಿ ಕೇಳುವ ಮಾತನ್ನೇ ಇಡಲು ಹೇಳಿದೆ. ಉಳಿತಾಯ ಮಾಡಬೇಕಾದ ಸಮಯ ಬೇರೆ ಕಡೆ ಇದೆ: ಒಣಗಿಸುವುದು, ತೊಟ್ಟು ಬಿಡಿಸುವುದು, ಕುಟ್ಟುವುದು ಇವೆಲ್ಲ ಗಂಟೆಗಟ್ಟಲೆಯ ಕೆಲಸಗಳು. ಬಿಸಿಲಿನಲ್ಲಿ ಕಾಯಿ ಹರವುವ ಕೈಯಿಂದ ನೇರವಾಗಿ ಪುಡಿ ಹರವುವ ಅದೇ ಕೈಗೆ ಜಿಗಿದರೆ ಎರಡು ದಿನದ ಕೆಲಸ ಒಂದು ಕಟ್‌ನಲ್ಲಿ ಮುಗಿಯುತ್ತದೆ, ಯಾರಿಗೂ ಮೋಸವಾಗುವುದಿಲ್ಲ. ಇದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕಾಯಿತು. ಲೋಟದ ಪರೀಕ್ಷೆ ಎಣ್ಣೆಯಲ್ಲಿ ಕರಗುವ ಸುಡಾನ್‌ನಂತಹ ಬಣ್ಣಗಳನ್ನು ಪತ್ತೆ ಮಾಡುವುದಿಲ್ಲ. ಹಾಗಾಗಿ "ನೀರಿನಲ್ಲಿ ಕರಗುವ ಬಣ್ಣವಿಲ್ಲ" ಎನ್ನುವುದಕ್ಕಿಂತ ಹೆಚ್ಚಿನ ಮಾತನ್ನು ಆ ಶಾಟಿನಿಂದ ಹೇಳಿಸಬಾರದು, ಉಳಿದದ್ದಕ್ಕೆ ಪ್ರಯೋಗಾಲಯದ ವರದಿ ಮಾಡಿಸಿ ಅದನ್ನು ಓದಲು ಬರುವಷ್ಟು ಹೊತ್ತು ಪರದೆಯ ಮೇಲೆ ನಿಲ್ಲಿಸಬೇಕು.

ಎರಡನೆಯ ದೊಡ್ಡ ವಿಷಯ ಶಾಟುಗಳ ಜೋಡಣೆಯದು. ವಿಡಿಯೊ ಶ್ರೀಮಂತವಾಗಿ ಕಾಣಲೆಂದು ಮಗ ಎಲ್ಲಿಂದಲೋ ಪಡೆದ ಸ್ಟೀಲ್ ಯಂತ್ರಗಳ ಕಾರ್ಖಾನೆಯ ದೃಶ್ಯಗಳನ್ನು ನಡುವೆ ಸೇರಿಸಿದ್ದ. ಸುಮಾರು ನೂರು ವರ್ಷಗಳ ಹಿಂದೆ ರಷ್ಯದ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖಭಾವವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಮುಂತಾದ ಬೇರೆ ಬೇರೆ ಚಿತ್ರಗಳ ಪಕ್ಕದಲ್ಲಿಟ್ಟು ತೋರಿಸಿದಾಗ, ನೋಡಿದವರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರಂತೆ. ಇಲ್ಲಿಯೂ ನಡೆದದ್ದು ಅದೇ. ಕಾರ್ಖಾನೆಯ ದೃಶ್ಯದ ಬೆನ್ನಿಗೆ ಬಂದ ತಾಯಿಯ ಕೈಗಳು, ಉದ್ಯಮದ ಒಡತಿಯ ಕೈಗಳಾಗಿ ಕಾಣದೆ, ಯಾರದೋ ಕಾರ್ಖಾನೆಯಲ್ಲಿ ಕೂಲಿಗೆ ಬಂದವರ ಕೈಗಳಾಗಿ ಕಂಡವು. ತಾಯಿಗೆ ಆದ ನೋವಿಗೆ ಸಂಕಲನದ ವ್ಯಾಕರಣದಲ್ಲಿಯೇ ಆಧಾರವಿತ್ತು ಎಂದು ಮಗನಿಗೆ ತೋರಿಸಿಕೊಟ್ಟಾಗ ಆತ ತಾನಾಗಿಯೇ ಆ ದೃಶ್ಯಗಳನ್ನು ತೆಗೆಯಲು ಒಪ್ಪಿದ. ಮೊದಲು ಮಾರುಕಟ್ಟೆಯಲ್ಲಿ ಕಾಯಿ ಆರಿಸುವ ತಾಯಿಯ ಮುಖ, ಆಮೇಲೆ ಕೈ, ಆಮೇಲೆ ಯಂತ್ರ ಎಂಬ ಅನುಕ್ರಮ ನಿಶ್ಚಯವಾಯಿತು.

ದನಿಯ ವಿಷಯದಲ್ಲಿ ಸಿನಿಮಾ ಹಾಡನ್ನು ತೆಗೆಸಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಅದನ್ನು ಬಳಸುವಂತಿಲ್ಲ ಎಂಬುದು ಒಂದು ಕಾರಣ. ಅವರ ಬಳಿ ಅದಕ್ಕಿಂತ ಒಳ್ಳೆಯ ಸದ್ದುಗಳಿದ್ದವು ಎಂಬುದು ಇನ್ನೊಂದು. ಒಣಗಿದ ಕಾಯಿಯನ್ನು ಅಲ್ಲಾಡಿಸಿದಾಗ ಒಳಗಿನ ಬೀಜ ಗಲಗಲ ಎನ್ನುತ್ತದೆ, ಮತ್ತು ಕುಟ್ಟುವ ಯಂತ್ರಕ್ಕೆ ತನ್ನದೇ ತಾಳವಿದೆ. ಆ ತಾಳಕ್ಕೆ ಸರಿಯಾಗಿ ಕಟ್‌ಗಳನ್ನು ಇಟ್ಟರೆ ಮಗ ಬಯಸುವ ಚುರುಕು ಬರುತ್ತದೆ. ಪ್ರತಿ ವಿಡಿಯೊವೂ ಅದೇ ಹೊಡೆತದಿಂದ ಆರಂಭವಾದರೆ, ತಿರುಗುವ ಲೋಗೊ ಇಲ್ಲದೆಯೇ ಇದು ಯಾರ ಖಾರ ಎಂದು ಗಿರಾಕಿಗೆ ಕಿವಿಯಿಂದಲೇ ತಿಳಿಯತೊಡಗುತ್ತದೆ. ತಾಯಿಯನ್ನು ಕ್ಯಾಮೆರಾ ನೋಡಿ ಮಾತಾಡಲು ಒತ್ತಾಯಿಸದೆ, ಕೆಲಸ ಮಾಡುತ್ತಿರುವಾಗಲೇ ಪ್ರಶ್ನೆ ಕೇಳಿ, ಹತ್ತಿರದ ಮೈಕಿನಲ್ಲಿ ದಾಖಲಿಸಿಕೊಳ್ಳಲು ಹೇಳಿದೆ. ಅವರ ದನಿ ಮಾರುಕಟ್ಟೆಯ ದೃಶ್ಯದ ಮೇಲೆ ಮೊದಲೇ ಆರಂಭವಾಗಿ, ಆಮೇಲೆ ಮುಖ ಬರಲಿ. ಸಂಕಲನಕಾರರು ಜೆ–ಕಟ್ ಎನ್ನುವುದು ಇದನ್ನೇ. ತಡವರಿಸಿದ ಕಡೆ ಕತ್ತರಿಸಿ, ಆ ಜಾಗವನ್ನು ಕೈಗಳ ಶಾಟಿನಿಂದ ಮುಚ್ಚಬಹುದು. ಅವರು ಆಡದ ಮಾತಿನ ಅರ್ಥ ಬರುವಂತೆ ಮಾತ್ರ ಪದಗಳನ್ನು ಜೋಡಿಸಬಾರದು.

ದನಿ ಮುಚ್ಚಿ ನೋಡುವವರಿಗಾಗಿ ಹಾಕಿದ್ದ ಬರಹದಲ್ಲಿ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಸರಿದಿದ್ದವು. ತಂತ್ರಾಂಶದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಪಠ್ಯ ಆಯ್ಕೆಯನ್ನು ಒತ್ತಿ, ಯುನಿಕೋಡ್ ಅಕ್ಷರಶೈಲಿ ಬಳಸಿದ ಮೇಲೆ ಅದು ಸರಿಹೋಯಿತು. ಫೋನನ್ನು ನೆಟ್ಟಗೆ ಹಿಡಿದು ನೋಡುವ ನಿಲುವಿನ ವಿಡಿಯೊದಲ್ಲಿ ಕೆಳಭಾಗ ಮತ್ತು ಬಲ ಅಂಚನ್ನು ಆ್ಯಪಿನ ಗುಂಡಿಗಳು ಆವರಿಸುವುದರಿಂದ ಬರಹ ಅಲ್ಲಿರಬಾರದು ಎಂದೂ ತಿಳಿಸಿದೆ.

ಬರಹದ ರೂಪಕ್ಕಿಂತ ಅದರಲ್ಲಿದ್ದ ಮಾತು ಹೆಚ್ಚು ಚಿಂತೆಗೆ ಕಾರಣವಾಗಿತ್ತು. "100% ಡಬ್ಬಿ" ಎಂದು ಬರೆದಿತ್ತು. ಪುಡಿಯಲ್ಲಿ ಕಡ್ಡಿಯೂ ಸೇರುತ್ತದೆ ಎಂದು ತಾಯಿ ಸಂಕೋಚವಿಲ್ಲದೆ ಹೇಳಿದರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ, ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ ಮಾನ್ಯತೆ, ದೊರೆತಿದೆ. ಆ ಮಾರುಕಟ್ಟೆಗೆ ಬೇರೆ ತಳಿಯ ಕಾಯಿಯೂ ಬರುವುದರಿಂದ, ಅಲ್ಲಿ ಕೊಂಡದ್ದೆಲ್ಲವನ್ನೂ ಆ ಹೆಸರಿನಿಂದ ಮಾರಲಾಗದು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಮೊದಲ ಬಾರಿಗೇ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. "ಡಬ್ಬಿ ಮತ್ತು ಕಡ್ಡಿ ಕೂಡಿಸಿ ಕುಟ್ಟಿದ್ದು" ಎಂದು ಬರೆಯಲು ಹೇಳಿದೆ. ಯಾಕೆ ಕೂಡಿಸುತ್ತಾರೆ ಎಂಬುದನ್ನು ತಾಯಿಯ ಬಾಯಿಂದಲೇ ಕೇಳಿದರೆ ಗಿರಾಕಿಗೆ ಅವರ ಕಸುಬಿನ ಆಳ ತಿಳಿಯುತ್ತದೆ.

ಹಳೆಯ ವಿಡಿಯೊಗಳನ್ನು ತೆಗೆದುಹಾಕಲು, ಮತ್ತು ಸರಕು ತಡೆಹಿಡಿದ ಅಂಗಡಿಕಾರರ ಬಳಿಗೆ ತಾಯಿಯೇ ಪುಡಿ ತೆಗೆದುಕೊಂಡು ಹೋಗಲು ಸಲಹೆ ನೀಡಿದೆ. ಆ ಕೆಲಸವನ್ನು ಯಾವ ವಿಡಿಯೊ ಕೂಡ ಮಾಡಲಾರದು. ಅವರು ಹೋದರು, ಅರ್ಧದಷ್ಟು ಸರಕಿಗೆ ಮತ್ತೆ ಬೇಡಿಕೆ ಬಂತು. ಹೊಸ ವಿಡಿಯೊ ತಾಯಿಯ ದನಿಯಲ್ಲಿ ಸಿದ್ಧವಾಗಿದೆ. ಬಣ್ಣದ ಪ್ರಶ್ನೆ ಈಗಲೂ ಆಗಾಗ ಬರುತ್ತದೆ, ಉತ್ತರವಾಗಿ ಲೋಟದ ಶಾಟ್ ಹೋಗುತ್ತದೆ. ಯುಗಾದಿ ಹೊತ್ತಿಗೆ ಒಂದು ವೇಗದ ವಿಡಿಯೊ ಬೇಕೆಂದು ಮಗನ ಹಟ ಉಳಿದಿದೆ. ಈಗಾಗಲೇ ನಂಬಿರುವ ಗಿರಾಕಿಗಳಿಗೆ ನೆನಪು ಮಾಡಲು ಅಂತಹದ್ದೊಂದು ಇರಬಹುದು ಎಂದು ನಾನೂ ಒಪ್ಪಿದ್ದೇನೆ, ತಾಯಿಗೆ ಇನ್ನೂ ಮನಸ್ಸಿಲ್ಲ.

ಕೊನೆಯ ಭೇಟಿಯಲ್ಲಿ ದುಡ್ಡಿನ ಮಾತಾಯಿತು. ಇಷ್ಟು ದಿನ ಮಗನ ಎಡಿಟಿಂಗ್ ಕೆಲಸಕ್ಕೆ ಲೆಕ್ಕವೇ ಇರಲಿಲ್ಲ. ಹೀಗಾಗಿ ಅದು ತಾಯಿಗೆ ಆಟವಾಗಿಯೂ ಮಗನಿಗೆ ಋಣವಾಗಿಯೂ ಕಾಣುತ್ತಿತ್ತು. ಪ್ರತಿ ವಿಡಿಯೊಗೆ ಇಂತಿಷ್ಟು ಎಂದು ಉದ್ಯಮದ ಖರ್ಚಿನಲ್ಲಿ ಬರೆದು ಕೊಡಬೇಕು, ಸರಕಿನ ಬಗ್ಗೆ ಏನು ಹೇಳಬೇಕು ಎಂಬುದರಲ್ಲಿ ತಾಯಿಯ ಮಾತು, ಎಲ್ಲಿ ಕತ್ತರಿಸಬೇಕು ಎಂಬುದರಲ್ಲಿ ಮಗನ ಮಾತು ನಡೆಯಬೇಕು ಎಂದು ಇಬ್ಬರೂ ಒಪ್ಪಿ ಕಾಗದದ ಮೇಲೆ ಬರೆದುಕೊಂಡಿದ್ದಾರೆ. ಚಿತ್ರಿಸಿದ ಮೂಲ ಫೈಲುಗಳನ್ನು ಎರಡು ಡಿಸ್ಕುಗಳಲ್ಲಿ ಇಡುವುದು, ಖಾತೆಯ ಪಾಸ್‌ವರ್ಡ್ ಇಬ್ಬರ ಬಳಿಯೂ ಇರುವುದು ಮುಂದಿನ ತಿಂಗಳೊಳಗೆ ಆಗಬೇಕಾದ ಕೆಲಸಗಳಾಗಿ ಅದೇ ಕಾಗದದಲ್ಲಿ ಸೇರಿವೆ.