ಸೀರೆಗೆ ನೂರು ವರ್ಷ ಅನ್ನೋಕೆ ಸಾಕ್ಷಿ ಎಲ್ಲಿದೆ?

ನಮಸ್ಕಾರ,

ನಿಮ್ಮ ‘ಮುತ್ತಜ್ಜಿಯ ನೂರು ವರ್ಷದ ಇಳಕಲ್ ಸೀರೆ’ ಓದಿದೆ. ಜೊತೆಗೆ ಕಳಿಸಿದ ಫೋಟೊಗಳನ್ನೂ ದೊಡ್ಡದು ಮಾಡಿ ನೋಡಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸುವುದಿಲ್ಲ. ನಿಮ್ಮ ಭಾಷೆ ಚೆನ್ನಾಗಿದೆ, ಅಜ್ಜಿ ಮಾತಾಡುವ ಭಾಗವಂತೂ ತುಂಬಾ ಇಷ್ಟವಾಯಿತು. ಆದರೆ ನೂರು ವರ್ಷ ಅಂತ ಪದೇ ಪದೇ ಹೇಳುತ್ತೀರಿ, ಅದು ಹೇಗೆ ಗೊತ್ತಾಯಿತು ಅಂತ ಎಲ್ಲೂ ಹೇಳುವುದಿಲ್ಲ.

ಮೂರನೇ ಫೋಟೊದಲ್ಲಿ ಸೀರೆಯ ರಟ್ಟಿನ ಡಬ್ಬಿ ಇದೆ, ಅದರ ಮೇಲೆ ಅಂಗಡಿಯ ಚೀಟಿ. ಅದನ್ನು ನೀವು ಓದಿಯೇ ಇಲ್ಲ ಅನ್ನಿಸುತ್ತೆ. ‘ಇಳಕಲ್, ವಿಜಾಪುರ ಜಿಲ್ಲೆ, ಮೈಸೂರು ರಾಜ್ಯ’ ಎಂದಿದೆ, ಬೆಲೆಯ ಪಕ್ಕ ‘ನ.ಪೈ.’, ಅಂದರೆ ನಯಾ ಪೈಸೆ, ಎಂದಿದೆ. ಇಳಕಲ್ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ರಂದು. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರಲ್ಲಿ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, 1964ರಲ್ಲಿ ‘ನಯಾ’ ಬಿಟ್ಟು ಬರೀ ಪೈಸೆ ಉಳಿಯಿತು. ಅಂದರೆ ಆ ಚೀಟಿ ಹೆಚ್ಚುಕಡಿಮೆ 1957ರಿಂದ 64ರ ನಡುವಿನದು. ಅಂಗಡಿಯವರು ಹಳೆ ಚೀಟಿ ಮುಗಿಯುವ ತನಕ ಅಂಟಿಸಿದ್ದರೆ ಒಂದೆರಡು ವರ್ಷ ಮುಂದಕ್ಕೆ ಹೋಗಬಹುದು, ಹಿಂದಕ್ಕಂತೂ ಹೋಗುವುದಿಲ್ಲ. ಇಷ್ಟು ಒಳ್ಳೆಯ ಸಾಕ್ಷಿ ಕೈಯಲ್ಲಿಟ್ಟುಕೊಂಡು ನೀವು ಅರ್ಧ ಪುಟ ನುಸಿಗುಳಿಗೆಯ ವಾಸನೆ ಬಗ್ಗೆ ಬರೆದಿದ್ದೀರಿ.

ಹಾಗಂತ ಸೀರೆಗೂ ಅದೇ ವಯಸ್ಸು ಅಂತ ತಕ್ಷಣ ತೀರ್ಮಾನ ಮಾಡಬೇಡಿ. ಗಟ್ಟಿ ಡಬ್ಬಿಯನ್ನು ನಮ್ಮ ಮನೆಗಳಲ್ಲಿ ಯಾರೂ ಎಸೆಯುವುದಿಲ್ಲ, ಅಲ್ವಾ? ಮುತ್ತಜ್ಜಿಯ ಸೀರೆಯನ್ನು ಆಮೇಲೆ ಯಾರೋ ಅದರಲ್ಲಿ ಮಡಿಸಿಟ್ಟಿರಬಹುದು. ಆದ್ದರಿಂದ ಸೀರೆಯನ್ನೇ ನೋಡಬೇಕು.

ಸೆರಗನ್ನು ಒಡಲಿಗೆ ‘ಹೊಲಿದಿದ್ದಾರೆ’ ಎಂದು ಬರೆದಿದ್ದೀರಿ. ಇಳಕಲ್‌ನಲ್ಲಿ ಹಾಗೆ ಮಾಡುವುದಿಲ್ಲ. ಒಡಲಿನ ಹಾಸುನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ನೂಲಿಗೆ, ಸೆರಗಿನ ಹಾಸುನೂಲನ್ನು ಕುಣಿಕೆಯಾಗಿ ಸಿಕ್ಕಿಸಿ ನೇಯುತ್ತಾರೆ, ಅದೇ ಕೊಂಡಿ. ನಿಮ್ಮ ಸೀರೆಯಲ್ಲಿ ನಿಜಕ್ಕೂ ಹೊಲಿಗೆ ಕಂಡರೆ ಅದು ಬೇರೆಯದೇ ಕತೆ, ಯಾರೋ ರಿಪೇರಿ ಮಾಡಿದ್ದಾರೆ ಅಥವಾ ಅದು ಇಳಕಲ್ ಸೀರೆಯೇ ಅಲ್ಲ. ಇನ್ನು ಸೆರಗು ‘ಅಪ್ಪಟ ರೇಷ್ಮೆ’ ಅನ್ನೋದು. ತುದಿಯ ಗೊಂಡೆಯಿಂದ ಒಂದೇ ಎಳೆ ತೆಗೆದು, ಸೀರೆಯಿಂದ ದೂರ ಕೂತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದದ ಹಾಗೆ ಉರಿದುಹೋದರೆ ಚಮಕಾ, ಅಂದರೆ ಕೃತಕ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ನೈಲಾನ್ ಅಥವಾ ಪಾಲಿಯೆಸ್ಟರ್, ಆಗ ನೂರು ವರ್ಷದ ಮಾತು ಅಲ್ಲಿಗೇ ಮುಗಿಯಿತು. ಫಾಲ್ ಹೊಲಿದ ದಾರವನ್ನು ಮಾತ್ರ ಲೆಕ್ಕಕ್ಕೆ ತಗೋಬೇಡಿ, ಅದನ್ನು ಯಾವಾಗ ಬೇಕಾದರೂ ಹಾಕಿಸಿರಬಹುದು.

ಕೆಂಪು ಬಣ್ಣ ‘ನೈಸರ್ಗಿಕ, ಹಾಗಾಗಿ ಹಳೆಯದು’ ಎಂಬ ಸಾಲು ಪೂರ್ತಿ ತೆಗೆಯಿರಿ. ಮೊದಲ ರಾಸಾಯನಿಕ ಬಣ್ಣ ಸಿಕ್ಕಿದ್ದು 1856ರಲ್ಲಿ, ಮಂಜಿಷ್ಠದ ಜಾತಿಯ ಗಿಡದ ಬೇರಿನಿಂದ ಬರುವ ಕೆಂಪನ್ನು 1868ರಲ್ಲೇ ಪ್ರಯೋಗಾಲಯದಲ್ಲಿ ತಯಾರಿಸಿದರು. ನೈಸರ್ಗಿಕ ಬಣ್ಣ ಈಗಲೂ ಹಾಕುತ್ತಾರೆ. ಬರಿಗಣ್ಣಿನಲ್ಲಿ ಕೆಂಪು ನೋಡಿ ಕಾಲ ಹೇಳೋಕಾಗಲ್ಲ. ಕಸೂತಿ, ಮಡಿಕೆ ಸೀಳಿರುವುದು, ಇವೂ ಅಷ್ಟೆ. ಮಡಿಕೆ ಸೀಳಿದ್ದರೆ ಸೀರೆ ಎತ್ತಿಟ್ಟ ರೀತಿ ಗೊತ್ತಾಗುತ್ತದೆ, ವಯಸ್ಸಲ್ಲ.

ಅಜ್ಜ 1955ರ ಮದುವೆಯಲ್ಲಿ ಎಚ್‌ಎಂಟಿ ವಾಚು ಕಟ್ಟಿದ್ದರಂತೆ. ಎಚ್‌ಎಂಟಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ವಾಚು ಮಾಡಲು ಶುರು ಮಾಡಿದ್ದು 1961ರಲ್ಲಿ. ಇಸವಿ ತಪ್ಪೋ, ವಾಚು ಬೇರೆಯೋ, ಅಜ್ಜಿಯನ್ನೇ ಕೇಳಿ. ಮದುವೆ ಫೋಟೊ ಇದ್ದರೆ ಅಜ್ಜನ ಮಣಿಕಟ್ಟನ್ನೂ ಅಜ್ಜಿಯ ಸೆರಗನ್ನೂ ಗಮನವಿಟ್ಟು ನೋಡಿ, ಹಿಂದೆ ಸ್ಟುಡಿಯೊ ಮೊಹರು ಇದೆಯಾ ನೋಡಿ. ಮದುವೆ ಜವಳಿಯ ಲೆಕ್ಕದ ಚೀಟಿ ಸಿಕ್ಕರೆ ಇನ್ನೂ ಒಳ್ಳೆಯದು.

ಇಷ್ಟು ಮಾಡಿ ಮತ್ತೆ ಬರೆಯಿರಿ. ನುಸಿಗುಳಿಗೆ ಒಂದು ಸಾಲಿಗೆ ಇಳಿಯಲಿ, ಚೀಟಿ ಮುಂದೆ ಬರಲಿ, ಅಜ್ಜಿಯ ಮಾತಿಗೆ ಕೈ ಹಚ್ಚಬೇಡಿ. ಎಳೆ ಸುಟ್ಟಾಗ ಏನಾಯಿತೋ ಅದನ್ನೂ ಬರೆಯಿರಿ. ಕೊಂಡಿ ಇರುವ ಜಾಗದ ಹತ್ತಿರದ ಫೋಟೊ ಒಂದು ಬೇಕು, ಹಗಲು ಬೆಳಕಲ್ಲಿ ತೆಗೆದದ್ದು. ಸೀರೆಗೆ ಅರವತ್ತೇ ವರ್ಷ ಅಂತ ಸಾಬೀತಾದರೂ ಸಂತೋಷದಿಂದ ಹಾಕುತ್ತೇನೆ.